ವಾಲುವ ದೋಣಿಯಲ್ಲಿ ಫಿಲ್ಟರ್ ಕಾಫಿ ಆಗುತ್ತದೆಯೇ?

ಪ್ರಶ್ನೆ: ನಾವು ಮೂಲತಃ ಶಿವಮೊಗ್ಗದ ಕಡೆಯವರು, ಈಗ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನೆಲೆಸಿದ್ದೇವೆ. ಹೋದ ವರ್ಷ ಯಜಮಾನರು 32 ಅಡಿಯ ಹಳೇ ಹಾಯಿದೋಣಿಯೊಂದನ್ನು ಕೊಂಡರು. ವಾರಾಂತ್ಯದಲ್ಲಿ ಇಲ್ಲಿನ ಕರಾವಳಿಗೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವಿನ ಜಲಸಂಧಿಯಾದ ಸೋಲೆಂಟ್‌ನಲ್ಲಿ ಸುತ್ತಾಡುತ್ತೇವೆ. ಈ ಬೇಸಿಗೆಗೆ ಇಂಗ್ಲಿಷ್ ಚಾನೆಲ್ ದಾಟಿ ಫ್ರಾನ್ಸಿನ ಶೆರ್ಬೂರ್‌ಗೆ ಹೋಗುವ ಯೋಚನೆಯಿದೆ. ಮನೆಯಲ್ಲಿ ದಿನಾ ಫಿಲ್ಟರ್ ಕಾಫಿಯೇ. ಅದೇ ಫಿಲ್ಟರು, ಅದೇ ಪುಡಿ ದೋಣಿಗೆ ಒಯ್ದರೆ ಡಿಕಾಕ್ಷನ್ ಒಮ್ಮೆ ನೀರುನೀರು, ಇನ್ನೊಮ್ಮೆ ಬರೀ ಕಹಿ. ಒಂದು ಸಲ ಫಿಲ್ಟರೇ ಉರುಳಿತು. ಪುಡಿ ಬೇಗ ಗಂಟು ಕಟ್ಟುತ್ತದೆ. ಇನ್ವರ್ಟರ್ ಹಾಕಿಸಿ ಕ್ಯಾಪ್ಸೂಲ್ ಯಂತ್ರ ತರೋಣ ಅಂತ ಯಜಮಾನರು. ಜೊತೆಗೆ, ಮಾನ್ಸೂನ್ಡ್ ಮಲಬಾರ್ ಕಾಫಿಗೆ ಆ ರುಚಿ ಬಂದದ್ದೇ ಕಡಲ ತೇವದಿಂದ, ಪುಡಿಗೆ ತೇವ ತಾಗಿದರೆ ಏನಾಯಿತು ಅನ್ನುತ್ತಾರೆ. ಸಾಲದ್ದಕ್ಕೆ ನನಗೆ ದೋಣಿಯಲ್ಲಿ ಹೊಟ್ಟೆ ತೊಳಸುತ್ತದೆ. ಕಾಫಿಯನ್ನೇ ಬಿಡಬೇಕೇ?

ಉತ್ತರ: ಬಿಡಬೇಡಿ. ಕ್ಯಾಪ್ಸೂಲ್ ಯಂತ್ರವನ್ನೂ ತರಬೇಡಿ. ದೋಣಿಗೆ ಒಗ್ಗುವ ಕಾಫಿ ಪದ್ಧತಿ ನಿಮ್ಮ ಮನೆಯಲ್ಲಿ ಆಗಲೇ ಇದೆ. ಬೇರೆಯವರ ಕಾಫಿ ಮಾಡಿದ ಕೂಡಲೇ ಕುಡಿಯಬೇಕಾದದ್ದು. ನಾವು ಹಾಗಲ್ಲ, ಡಿಕಾಕ್ಷನ್ ಇಳಿಸುವ ಹೊತ್ತು ಬೇರೆ, ಕಾಫಿ ಬೆರೆಸುವ ಹೊತ್ತು ಬೇರೆ. ರಾತ್ರಿಯೇ ಇಳಿಸಿಟ್ಟು ಬೆಳಗ್ಗೆ ಬೆರೆಸುವ ಮನೆಗಳಲ್ಲಿ ಬೆಳೆದವರು ನಾವು. ದೋಣಿಯಲ್ಲಿ ಬೇಕಾದದ್ದೂ ಅದೇ. ಬಿಸಿನೀರು, ಪುಡಿ, ಒಲೆ ಇವುಗಳ ಕೆಲಸವೆಲ್ಲ ನೀರು ಶಾಂತವಾಗಿದ್ದಾಗ ಮುಗಿದಿರಬೇಕು. ಅಲೆಯ ಮೇಲೆ ಉಳಿಯುವುದು ಬೆರೆಸುವ ಕೆಲಸ ಮಾತ್ರ. ನಾನು ವ್ಯಾಪಾರಿ ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು, ರಜೆಯಲ್ಲಿ ಗೆಳೆಯರ ಹಾಯಿದೋಣಿಗಳಲ್ಲಿ ಅಡುಗೆ ನೋಡಿಕೊಂಡು, ಈಗ ಚಿಕ್ಕಮಗಳೂರಿನಲ್ಲಿ ಕಾಫಿ ಹುರಿಯುತ್ತಿರುವವನು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆಯೇ.

ಮೊದಲು ನಿಮ್ಮ ಡಿಕಾಕ್ಷನ್ ಯಾಕೆ ಕೆಡುತ್ತಿದೆ ಎಂದು ನೋಡೋಣ. ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ಇಳಿಯಬೇಕು. ಪುಡಿ ಎಲ್ಲ ಕಡೆ ಒಂದೇ ದಪ್ಪ ಕೂತಿದ್ದರೆ ನೀರು ಸಮನಾಗಿ ಇಳಿದು ಸಾರವನ್ನೂ ಸಮನಾಗಿ ತರುತ್ತದೆ. ಹಾಯಿ ಬಿಗಿದು ಹೊರಟ ದೋಣಿ ಹದಿನೈದು ಇಪ್ಪತ್ತು ಡಿಗ್ರಿ ವಾಲುವುದು ಸಾಮಾನ್ಯ. ಆಗ ಓರೆಯಾದ ಗದ್ದೆಯಲ್ಲಿ ನೀರು ಒಂದೇ ಬದುವಿಗೆ ನಿಂತ ಹಾಗೆ ಫಿಲ್ಟರಿನ ನೀರೂ ತಗ್ಗಿನ ಬದಿಗೆ ಸರಿಯುತ್ತದೆ. ಆ ಬದಿಯ ಪುಡಿಯ ಮೂಲಕವೇ ಎಲ್ಲ ನೀರೂ ಇಳಿದು, ಅದರ ಸಾರ ಮುಗಿದ ಮೇಲೆ ಕಹಿಯೂ ಬರುತ್ತದೆ. ಎತ್ತರದ ಬದಿಯ ಪುಡಿ ಅರ್ಧ ನೆನೆದು ಸುಮ್ಮನೆ ಉಳಿಯುತ್ತದೆ. ಹೀಗಾಗಿ ಒಂದೇ ಡಿಕಾಕ್ಷನ್ನಿನಲ್ಲಿ ತೆಳುವೂ ಇರುತ್ತದೆ, ಕಹಿಯೂ ಇರುತ್ತದೆ. ಮೇಲಿನ ಬಟ್ಟಲು ಕೆಳಗಿನದರ ಮೇಲೆ ಸುಮ್ಮನೆ ಕೂತಿರುತ್ತದೆ, ತಿರುಪು ಗಿರುಪು ಇರುವುದಿಲ್ಲ. ಉದ್ದಕ್ಕೆ ನಿಂತ, ಬುಡ ಸಣ್ಣದಾದ ಪಾತ್ರೆ, ಅದರ ತಲೆಯ ಕಡೆ ಕುದಿನೀರಿನ ಭಾರ. ಉರುಳದೆ ಇನ್ನೇನು ಮಾಡೀತು?

ಆದ್ದರಿಂದ ಹೊರಡುವ ಮೊದಲೇ, ದೋಣಿ ಕಟ್ಟಿದ ಜಾಗದಲ್ಲೇ ಇಳಿಸಿಕೊಳ್ಳಿ. ಇಬ್ಬರಿಗೆ ಒಂದು ಹಗಲಿಗೆ 40 ಗ್ರಾಂ ಪುಡಿ, 250 ಮಿಲಿಲೀಟರ್ ನೀರು ಸಾಕು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೈಗೆ ಸಿಗುವುದು ಹೆಚ್ಚುಕಡಿಮೆ 170 ಮಿಲಿಲೀಟರ್ ಡಿಕಾಕ್ಷನ್. ಲೋಟಕ್ಕೆ 30 ಮಿಲಿಲೀಟರಿನಂತೆ ಐದಾರು ಕಾಫಿ ಆಯಿತು. ಪುಡಿಯನ್ನು ಛತ್ರಿಯಿಂದ ಮೆತ್ತಗೆ ಒತ್ತಿ ಸಮ ಮಾಡಿ, ಕುದಿ ಬಂದ ನೀರನ್ನು ಅರೆನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಹೊಯ್ದು, ಅದು ಉಬ್ಬಿ ಕೂತ ಮೇಲೆ ಉಳಿದದ್ದನ್ನು ನಿಧಾನಕ್ಕೆ ಸುತ್ತ ಹೊಯ್ಯಿರಿ. ಬಂದರಿನೊಳಗೂ ಪಕ್ಕದಲ್ಲಿ ಬೇರೆ ದೋಣಿ ಹಾದರೆ ಅಲೆ ಬರುತ್ತದೆ. ಅದಕ್ಕೆ ಫಿಲ್ಟರನ್ನು ಕಟ್ಟೆಯ ಮೇಲಿಡದೆ ಸಿಂಕಿನೊಳಗೆ, ಒದ್ದೆ ಬಟ್ಟೆಯ ಮೇಲೆ ಇಡಿ. ದೋಣಿಯ ಅಡುಗೆಮನೆಯಲ್ಲಿ ಪಾತ್ರೆಯಿಂದ ಪಾತ್ರೆಗೆ ಬಿಸಿ ಏನನ್ನೇ ಸುರಿಯುವುದಿದ್ದರೂ ಸಿಂಕೇ ಸರಿಯಾದ ಜಾಗ. ಚೆಲ್ಲಿದರೂ ಅಲ್ಲೇ ಚೆಲ್ಲಲಿ.

ಇಳಿದ ಡಿಕಾಕ್ಷನ್ನನ್ನು ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಬಾಟಲಿಗೆ ಕತ್ತಿನವರೆಗೆ ತುಂಬಿಸಿ. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಪರಿಮಳ ಉಳಿಯುತ್ತದೆ. ಆರಿದ ಮೇಲೆ ಐಸ್ ಪೆಟ್ಟಿಗೆಗೆ ಹಾಕಿ. ಅದೇ ದಿನ ಮುಗಿಸಿದರೆ ಬಲು ಚೆನ್ನ, ಮರುದಿನಕ್ಕೂ ನಡೆಯುತ್ತದೆ, ಅದಕ್ಕಿಂತ ಹೆಚ್ಚು ಎಳೆಯಬೇಡಿ. ಬಿಸಿ ಮಾಡಲು ಒಲೆಯ ಮೇಲಿಟ್ಟು ಕುದಿಸಬಾರದು ಎಂದು ನಿಮಗೆ ಹೇಳಬೇಕಾಗಿಲ್ಲ.

ಹೊತ್ತಿನ ಲೆಕ್ಕ ನಿಮ್ಮ ದಾರಿಗೆ ಬಹಳ ಮುಖ್ಯ. ಸೋಲೆಂಟ್‌ನಿಂದ ಪಶ್ಚಿಮದ ಬಾಯಿ ಹಿಡಿದು, ನೀಡಲ್ಸ್ ಬಂಡೆಗಳನ್ನು ದಾಟಿ ಶೆರ್ಬೂರ್‌ಗೆ ಹೋಗುವವರು ಇಳಿತದ ಸೆಳೆತ ನೋಡಿಕೊಂಡೇ ಹೊರಡುತ್ತಾರೆ. ಅಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ನೀರು ಪಶ್ಚಿಮಕ್ಕೆ ಓಡುತ್ತಿರುವಾಗ ಗಾಳಿ ಎದುರಿನಿಂದ ಬಂದರೆ ಹರ್ಸ್ಟ್ ಕೋಟೆಯ ಇರುಕಿನಿಂದ ನೀಡಲ್ಸ್ ತನಕ ಕುಳ್ಳಗಿನ, ಕಡಿದಾದ ಅಲೆ ಏಳುತ್ತದೆ. ಆ ಇರುಕಿನಲ್ಲಿ ಸೆಳೆತ ಗಂಟೆಗೆ 4 ನಾಟಿಕಲ್ ಮೈಲಿ, ಅಂದರೆ 4 ನಾಟ್‌ವರೆಗೂ ಹೋಗುವುದುಂಟು. ಹೊರಟ ಸ್ವಲ್ಪ ಹೊತ್ತಿಗೇ ಎದುರಾಗುವ ಕೆಟ್ಟ ಜಾಗ ಅದು, ಬೆಳಗಿನ ಎರಡನೇ ಕಾಫಿ ಬೇಕೆನ್ನಿಸುವುದೂ ಸರಿಯಾಗಿ ಆಗಲೇ. ನೀಡಲ್ಸ್‌ನಿಂದ ಶೆರ್ಬೂರ್‌ಗೆ ಸುಮಾರು 60 ನಾಟಿಕಲ್ ಮೈಲಿ. ಗಂಟೆಗೆ ಐದರಂತೆ ಹೋದರೂ ಹನ್ನೆರಡು ಗಂಟೆಯ ದಾರಿ. ನಡುವೆ ದೊಡ್ಡ ಹಡಗುಗಳು ಸಾಲುಸಾಲಾಗಿ ಅಡ್ಡ ಹಾಯುವ ಜಾಗವಿದೆ. ಅಲ್ಲಿ ಇಬ್ಬರ ಕಣ್ಣೂ ಹೊರಗಿರಬೇಕು, ಒಬ್ಬರು ಕೆಳಗೆ ಹಾಲು ಕಾಯಿಸುತ್ತಾ ನಿಲ್ಲುವ ಹೊತ್ತಲ್ಲ. ಲಿಮಿಂಗ್ಟನ್ನಿನಲ್ಲೋ ಯಾರ್ಮತ್‌ನಲ್ಲೋ ದೋಣಿ ಕಟ್ಟಿರುವಾಗಲೇ ಡಿಕಾಕ್ಷನ್ ಬಾಟಲಿಗೆ, ಕುದಿನೀರು ಫ್ಲಾಸ್ಕಿಗೆ ಸೇರಿದ್ದರೆ ಆ ಹನ್ನೆರಡು ಗಂಟೆಯೂ ಒಲೆ ಹಚ್ಚದೆ ಕಾಫಿ ಕುಡಿಯಬಹುದು.

ಹೇಗೆ ಬೆರೆಸುವುದು? ಹಾಲಿಗೆ ಕಂಡೆನ್ಸ್ಡ್ ಮಿಲ್ಕ್ ಇಟ್ಟುಕೊಳ್ಳಿ. ಟ್ಯೂಬಿನಲ್ಲಿ ಬರುವಂಥದ್ದಾದರೆ ಇನ್ನೂ ಅನುಕೂಲ. ಮುಚ್ಚಳವಿರುವ ಮಗ್ಗಿಗೆ 30 ಮಿಲಿಲೀಟರ್ ಡಿಕಾಕ್ಷನ್, ಒಂದು ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್, ಮೇಲೆ ಫ್ಲಾಸ್ಕಿನ ಬಿಸಿನೀರು 90 ಮಿಲಿಲೀಟರ್. ಮೊದಲು ಡಿಕಾಕ್ಷನ್ನಿನಲ್ಲೇ ಹಾಲನ್ನು ಕದಡಿ, ಆಮೇಲೆ ನೀರು ಹೊಯ್ದರೆ ಗಂಟಾಗುವುದಿಲ್ಲ. ಸಕ್ಕರೆ ಅದರಲ್ಲೇ ಇರುತ್ತದೆ. ಮನೆಯ ಹಸುವಿನ ಹಾಲಿನ ಕಾಫಿ ಇದಲ್ಲ, ನಿಜ. ಆದರೆ ನಡುರಾತ್ರಿ, ಮುಖಕ್ಕೆ ಉಪ್ಪುನೀರು ಸಿಡಿಯುತ್ತಿರುವಾಗ ಚುಕ್ಕಾಣಿ ಹಿಡಿದು ಕೂತವರಿಗೆ ಸಿಹಿಯೂ ದಪ್ಪವೂ ಆದ ಈ ಕಾಫಿಗಿಂತ ಹಿತವಾದದ್ದು ನನಗೆ ಗೊತ್ತಿಲ್ಲ. ಸಿಹಿ ಒಲ್ಲದವರು ಕೆನೆ ಇರುವ ಹಾಲಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿಕೊಂಡು ಆಮೇಲೆ ಬಿಸಿನೀರು ಸೇರಿಸಲಿ.

ಹಾಲು ಬೆರೆಸಿದ ಕಾಫಿಯನ್ನೇ ಫ್ಲಾಸ್ಕಿಗೆ ತುಂಬಿಡುವ ಅಭ್ಯಾಸ ನಮ್ಮವರಲ್ಲಿ ಬಹಳ. ದೋಣಿಯಲ್ಲಿ ಅದು ಬೇಡ. ಎರಡು ಗಂಟೆಯೊಳಗೇ ಕಾದ ಹಾಲಿನ ಹಳಸಲು ವಾಸನೆ ಬರುತ್ತದೆ. ಗಂಟೆಗಟ್ಟಲೆ ಉಗುರುಬೆಚ್ಚಗೆ ನಿಂತ ಹಾಲು ಕೆಡುವುದೂ ಬೇಗ, ಚಾನೆಲ್ ನಡುವೆ ಹೊಟ್ಟೆ ಕೆಟ್ಟರೆ ಗತಿಯೇನು? ಫ್ಲಾಸ್ಕಿನಲ್ಲಿ ಬರೀ ಕುದಿನೀರಿರಲಿ. ತುಂಬುವ ಮೊದಲು ಒಂದು ಲೋಟ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿದರೆ ಒಳಗಿನ ಗೋಡೆ ಕಾದು, ಆಮೇಲೆ ತುಂಬಿದ ನೀರು ತುಂಬ ಹೊತ್ತು ಬಿಸಿಯಾಗಿರುತ್ತದೆ. ಅದೇ ನೀರು ಸೂಪಿಗೂ ಆಯಿತು, ಶುಂಠಿ ಕಷಾಯಕ್ಕೂ ಆಯಿತು.

ಇನ್ನು ಅಲೆಯ ಮೇಲೆ ಒಲೆ ಹಚ್ಚಲೇಬೇಕಾಗಿ ಬಂದಾಗಿನ ಮಾತು. ಕಾಫಿಯ ರುಚಿಗಿಂತ ಇದು ದೊಡ್ಡ ವಿಷಯ, ದಯವಿಟ್ಟು ಮನಸ್ಸಿಟ್ಟು ಓದಿ. ನಿಮ್ಮ ದೋಣಿಯಲ್ಲಿ ಗಿಂಬಲ್ ಮೇಲೆ, ಅಂದರೆ ಎರಡು ಬದಿಯ ತಿರುಗುಣಿಗಳ ಮೇಲೆ, ತೂಗುವ ಒಲೆ ಇರಬಹುದು. ಅದು ದೋಣಿ ಅಕ್ಕಪಕ್ಕಕ್ಕೆ ವಾಲುವುದನ್ನು ಮಾತ್ರ ಸರಿದೂಗಿಸುತ್ತದೆ. ಮುಂದಿನಿಂದ ಬಂದ ಅಲೆಗೆ ಮೂತಿ ಎದ್ದು ಬಿದ್ದರೆ ಅದೇನೂ ಮಾಡಲಾರದು. ಹಾಗಾಗಿ ಪಾತ್ರೆಯನ್ನು ಎರಡು ಕಡೆಯಿಂದ ಹಿಡಿದಿಡುವ ಕಂಬಿಗಳನ್ನು ಪ್ರತಿ ಸಲವೂ ಬಿಗಿಯಬೇಕು. ಕೆಟಲ್ ಅಗಲ ಬುಡದ್ದಾಗಿರಲಿ, ಮುಚ್ಚಳ ಗಟ್ಟಿಯಾಗಿ ಕೂರುವಂತಿರಲಿ, ಅರ್ಧಕ್ಕಿಂತ ಹೆಚ್ಚು ನೀರು ಬೇಡ. ಒಲೆಯ ನೇರ ಎದುರಿಗೆ ನಿಲ್ಲಬೇಡಿ. ಪಾತ್ರೆ ಹಾರಿದರೆ ಬೀಳುವುದು ಅಲ್ಲಿಗೇ. ಪಕ್ಕಕ್ಕೆ ನಿಂತು, ಸೊಂಟವನ್ನು ಕಟ್ಟೆಗೆ ಒತ್ತಿ, ಒಂದು ಕೈಯಲ್ಲಿ ಯಾವಾಗಲೂ ಆಸರೆ ಹಿಡಿದಿರಿ. ಮಳೆಗೆ ತೊಡುವ ದಪ್ಪ ಪ್ಯಾಂಟು, ಬೂಟು ಹಾಕಿಕೊಂಡೇ ಅಡುಗೆ ಮಾಡುವ ನಾವಿಕರನ್ನು ಕಂಡು ಹೊಸಬರಿಗೆ ವಿಚಿತ್ರವೆನಿಸುತ್ತದೆ. ಕುದಿನೀರು ತೊಡೆಗೆ ಚೆಲ್ಲಿದಾಗ ಚರ್ಮ ಉಳಿಸುವುದು ಅದೇ ಪ್ಯಾಂಟು. ಇನ್ನೊಬ್ಬರು ಕೈಯಲ್ಲಿ ಹಿಡಿದ ಲೋಟಕ್ಕೆ ಎಂದೂ ಬಿಸಿ ಸುರಿಯಬೇಡಿ, ಲೋಟ ಸಿಂಕಿನಲ್ಲಿರಲಿ, ಅರ್ಧವೇ ತುಂಬಿರಲಿ. ಒಂದು ವೇಳೆ ಸುಟ್ಟರೆ ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಟ್ಯಾಂಕಿನ ಸಿಹಿನೀರು ಖರ್ಚಾಗುತ್ತದೆಂದು ಆಗ ಲೆಕ್ಕ ಹಾಕಬೇಡಿ.

ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಕಿಟಕಿ ಬಾಗಿಲಿನಿಂದ ಹೋದೀತು, ದೋಣಿಯಲ್ಲಿ ಕೆಳಗಿಳಿದು ತಳದ ಬಿಲ್ಜ್‌ನಲ್ಲಿ ಕೂತುಬಿಡುತ್ತದೆ. ಎಂಜಿನ್ ಚಾಲೂ ಮಾಡುವ ಒಂದು ಕಿಡಿ ಸಾಕು. ಕಾಫಿಗೆ ನೀರು ಕಾದ ಕೂಡಲೇ ಒಲೆಯ ಗುಂಡಿಯ ಜೊತೆಗೆ ಸಿಲಿಂಡರಿನ ಬಾಯಿಯನ್ನೂ ಮುಚ್ಚುವುದು ರೂಢಿಯಾಗಬೇಕು. ಚಳಿಯೆಂದು ಎಲ್ಲ ಮುಚ್ಚಿ ಒಲೆ ಉರಿಸಬೇಡಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಈ ವಾರವೇ ಹಾಕಿಸಿ.

ಯಜಮಾನರ ಕ್ಯಾಪ್ಸೂಲ್ ಯಂತ್ರದ ವಿಚಾರಕ್ಕೆ ಬರುತ್ತೇನೆ. ಅವರಿಗೆ ಲೆಕ್ಕ ಇಷ್ಟವಾಗುತ್ತದೆ ಎಂದುಕೊಳ್ಳುವೆ. ಅರ್ಧ ಲೀಟರ್ ನೀರನ್ನು 15 ಡಿಗ್ರಿಯಿಂದ 95 ಡಿಗ್ರಿಗೆ ಏರಿಸಲು ನೀರಿಗೆ ಬೇಕಾದ ಶಾಖ ಸುಮಾರು 167 ಕಿಲೋಜೂಲ್. ಕೆಟಲಿನ ನಷ್ಟ, ಇನ್ವರ್ಟರಿನ ನಷ್ಟ ಎಲ್ಲ ಸೇರಿದರೂ 12 ವೋಲ್ಟಿನ ಬ್ಯಾಟರಿಯಿಂದ ಹೋಗುವುದು 5 ಆಂಪಿಯರ್-ಅವರ್ ಮಾತ್ರ. ಅಷ್ಟೇ ನೋಡಿದರೆ ಅವರ ಮಾತು ಸರಿ. ತೊಂದರೆ ಇರುವುದು ಆ ವಿದ್ಯುತ್ತನ್ನು ಎಳೆಯುವ ವೇಗದಲ್ಲಿ. 1200 ವಾಟ್ ಯಂತ್ರಕ್ಕೆ 12 ವೋಲ್ಟಿನಲ್ಲಿ 100 ಆಂಪಿಯರಿಗೂ ಮೇಲೆ ಬೇಕು. ಹಳೇ ದೋಣಿಯ 110 ಆಂಪಿಯರ್-ಅವರಿನ ಒಂದು ಸೀಸದ ಬ್ಯಾಟರಿಯಿಂದ ಅಷ್ಟನ್ನು ಎಳೆದರೆ ವೋಲ್ಟೇಜು ಕುಸಿದು ಇನ್ವರ್ಟರ್ ತಾನೇ ನಿಲ್ಲುತ್ತದೆ. ನಿಲ್ಲದಿದ್ದರೂ ಬ್ಯಾಟರಿಯ ಆಯುಸ್ಸು ಸವೆಯುತ್ತದೆ. ಅದಕ್ಕೆ ತಕ್ಕ ಹೆಬ್ಬೆರಳು ದಪ್ಪದ ತಂತಿ, ಫ್ಯೂಸು, ಇನ್ನೊಂದು ಬ್ಯಾಟರಿ ಇವಕ್ಕೆಲ್ಲ ಕೊಡುವ ಹಣದಲ್ಲಿ ಹೊಸ ಹಾಯಿಗೆ ಒಂದಿಷ್ಟು ಆಗುತ್ತದೆ. ಅದೇ ಅರ್ಧ ಲೀಟರಿಗೆ ಅನಿಲದ ಖರ್ಚು ಸುಮಾರು 8 ಗ್ರಾಂ. ನಿಮ್ಮ ಕಡೆ ಸಿಗುವ 2.75 ಕಿಲೋದ ನೀಲಿ ಸಿಲಿಂಡರಿನಲ್ಲಿ ಮುನ್ನೂರಕ್ಕೂ ಹೆಚ್ಚು ಸಲ ನೀರು ಕಾಯಿಸಬಹುದು. ಮರೀನಾದಲ್ಲಿ ದಡದ ಕರೆಂಟು ಸಿಕ್ಕಾಗ ಮನೆಯ ಎಲೆಕ್ಟ್ರಿಕ್ ಕೆಟಲನ್ನು ಧಾರಾಳವಾಗಿ ಬಳಸಿ.

ಯಂತ್ರ ಏನಾದರೂ ತರಲೇಬೇಕೆಂದರೆ ಏರೋಪ್ರೆಸ್ ತನ್ನಿ. ಅಮೆರಿಕದ ಅಲನ್ ಆಡ್ಲರ್ 2005ರಲ್ಲಿ ಮಾರುಕಟ್ಟೆಗೆ ತಂದ ಪ್ಲಾಸ್ಟಿಕ್ ಕೊಳವೆ ಅದು. ಬಿದ್ದರೆ ಒಡೆಯದು. ಇಂಜೆಕ್ಷನ್ ಪಿಚಕಾರಿಯಂತೆ ಒತ್ತಿ ಇಳಿಸುವುದರಿಂದ ದೋಣಿ ವಾಲಿದ್ದರೂ ನೀರು ಪುಡಿಯ ಮೂಲಕವೇ ಹಾಯಬೇಕು. 16 ಗ್ರಾಂ ಪುಡಿಗೆ 100 ಮಿಲಿಲೀಟರ್ ನೀರು ಹಾಕಿ, ಒಂದೂವರೆ ನಿಮಿಷ ಬಿಟ್ಟು ಒತ್ತಿದರೆ ನಮ್ಮ ಡಿಕಾಕ್ಷನ್ನಿಗೆ ಹತ್ತಿರದ್ದೇ ಸಿಗುತ್ತದೆ. ಒತ್ತುವಾಗ ಕೆಳಗಿನ ಮಗ್ಗು ಅಗಲವಾಗಿದ್ದು ಸಿಂಕಿನಲ್ಲಿರಲಿ. ತಲೆಕೆಳಗಾಗಿಸಿ ಮಾಡುವ ವಿಧಾನವೊಂದನ್ನು ವೀಡಿಯೋಗಳಲ್ಲಿ ತೋರಿಸುತ್ತಾರೆ, ದೋಣಿಯಲ್ಲಿ ಅದನ್ನು ಮುಟ್ಟಲೇಬೇಡಿ. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಬೇರೆ. ಚರಟ ಹಿಂಡಿದ ಬಿಲ್ಲೆಯಂತೆ ಟಪ್ಪನೆ ಹೊರಗೆ ಬೀಳುತ್ತದೆ, ತೊಳೆಯಲು ಅರ್ಧ ಲೋಟ ನೀರೂ ಬೇಡ. ಫ್ರೆಂಚ್ ಪ್ರೆಸ್ ತೊಳೆಯಲು ಕಾಫಿಗೆ ಹಾಕಿದ್ದಕ್ಕಿಂತ ಹೆಚ್ಚು ನೀರು ಬೇಕು, ಗಾಜಿನದ್ದಾದರೆ ಒಡೆಯುವ ಭಯ ಬೇರೆ. ಇಟಲಿಯ ಮೋಕಾ ಪಾಟ್ ಲಂಗರು ಹಾಕಿದಾಗ ಚೆನ್ನ, ಅಲೆಯ ಮೇಲೆ ಅದರ ಪುಟ್ಟ ಬುಡ ನಿಲ್ಲುವುದಿಲ್ಲ. ಹೀಗೆಂದು ನಿಮ್ಮ ಫಿಲ್ಟರನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ಬಂದರಿನ ಬೆಳಗಿಗೆ ಅದೇ ಇರಲಿ, ಸಮುದ್ರದ ಮೇಲೆ ಡಿಕಾಕ್ಷನ್ ಮುಗಿದಾಗ ಏರೋಪ್ರೆಸ್ ಇರಲಿ.

ಈಗ ತೇವದ ವಾದ. ಮಾನ್ಸೂನ್ಡ್ ಮಲಬಾರ್ ಬಗ್ಗೆ ನಿಮ್ಮ ಯಜಮಾನರು ಹೇಳಿದ್ದರಲ್ಲಿ ಅರ್ಧ ಪೂರ್ತಿ ನಿಜ. ಆ ಕಾಫಿಯನ್ನು ಮಾಡಿದ್ದೇ ಹಡಗು ಎನ್ನಬಹುದು. ಹಾಯಿ ಹಡಗುಗಳ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಕಾಫಿ ಬೀಜ ಆಫ್ರಿಕಾದ ತುದಿ ಸುತ್ತಿ ಯೂರೋಪ್ ಸೇರಲು ತಿಂಗಳುಗಳೇ ಹಿಡಿಯುತ್ತಿದ್ದವು. ಹಡಗಿನ ಹೊಟ್ಟೆಯಲ್ಲಿ ಕಡಲ ತೇವ ಹೀರಿ ಬೀಜ ಉಬ್ಬುತ್ತಿತ್ತು, ಹಸಿರು ಬಣ್ಣ ಹೋಗಿ ಒಣಹುಲ್ಲಿನ ಹಳದಿಗೆ ತಿರುಗುತ್ತಿತ್ತು, ಹುಳಿ ಇಳಿದು ರುಚಿ ಮೆದುವಾಗುತ್ತಿತ್ತು. ಅಲ್ಲಿನವರಿಗೆ ಅದೇ ರುಚಿ ನಾಲಿಗೆಗೆ ಹತ್ತಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು ಪ್ರಯಾಣ ಚಿಕ್ಕದಾದಾಗ ಬೀಜ ಹಸಿರಾಗಿಯೇ ತಲುಪತೊಡಗಿ, ಹಳೇ ರುಚಿ ಎಲ್ಲಿ ಹೋಯಿತೆಂದು ಕೇಳುವಂತಾಯಿತು. ಆಮೇಲೆ ಆ ರುಚಿಯನ್ನು ದಡದಲ್ಲೇ ತರಲು ಕಲಿತರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು ಕಡೆಯ ಗೋದಾಮುಗಳಲ್ಲಿ, ಪಕ್ಕಗಳು ತೆರೆದಿರುವಲ್ಲಿ, ಚೆರಿ ಕಾಫಿಯ (ಹಣ್ಣಿನ ಸಮೇತ ಒಣಗಿಸಿದ ಕಾಫಿಯ) ಬೀಜವನ್ನು ಗೇಣುದ್ದಕ್ಕೂ ಕಡಿಮೆ ದಪ್ಪ ಹರಡಿ, ಮಳೆಗಾಲದ ಗಾಳಿಗೆ ಒಡ್ಡಿ, ದಿನಾ ಕೈಯಾಡಿಸಿ, ಸಡಿಲ ಚೀಲಗಳಿಗೆ ತುಂಬಿ, ಮತ್ತೆ ಮಗುಚಿ ಹದ ಮಾಡುತ್ತಾರೆ. ಕೆಲಸಗಾರರು ಬೀಜದ ನಡುವೆ ಕಾಲೆಳೆಯುತ್ತ ನಡೆದು ಸಾಲು ಹಾಕುವುದನ್ನೂ, ಒಂದು ಹಿಡಿ ಎತ್ತಿ ಬಣ್ಣ ನೋಡಿ ಇಂದು ಚೀಲಕ್ಕೆ ತುಂಬಬಹುದೇ ನಾಳೆಯೇ ಎಂದು ಹೇಳುವುದನ್ನೂ ನೋಡಿದರೆ ಅದೆಂಥ ನಾಜೂಕಿನ ಕೆಲಸ ಎಂದು ತಿಳಿಯುತ್ತದೆ. ಅದಕ್ಕೀಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಆದರೆ ಇದೆಲ್ಲ ನಡೆಯುವುದು ಹುರಿಯದ ಹಸಿ ಬೀಜಕ್ಕೆ. ಹಸಿ ಬೀಜ ತೇವ ಹೀರಿದರೂ ಮತ್ತೆ ಒಣಗಿಸಿ ಉಳಿಸಿಕೊಳ್ಳಬಹುದು. ಹುರಿದ ಬೀಜದಲ್ಲಿ ನೀರು ನೂರಕ್ಕೆ ಎರಡು ಮೂರು ಪಾಲಷ್ಟೇ ಉಳಿದಿರುತ್ತದೆ. ಪರಿಮಳವೆಲ್ಲ ಹಾರಿಹೋಗಲು ತಯಾರಾಗಿ ನಿಂತಿರುತ್ತದೆ. ಪುಡಿ ಮಾಡಿದ ಮೇಲಂತೂ ಗಾಳಿ ತಾಗುವ ಮೈ ಹೆಚ್ಚಾಗಿ, ತೇವ ಒಳಗೆ ಹೋಗುವುದೂ ಪರಿಮಳ ಹೊರಗೆ ಹೋಗುವುದೂ ಜೋರಾಗುತ್ತದೆ. ಚಿಕೋರಿ ಬೆರೆತಿದ್ದರೆ ಇನ್ನೂ ಬೇಗ. ಚಿಕೋರಿ ತೇವವನ್ನು ಎಳೆದುಕೊಳ್ಳುವ ಜಾತಿಯದು, ನಿಮ್ಮ ಪುಡಿ ಗಂಟು ಕಟ್ಟುತ್ತಿರುವುದಕ್ಕೆ ಅದೇ ದೊಡ್ಡ ಕಾರಣ. ಭಾರತದ ಕಾನೂನಿನಂತೆ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಅಂದರೆ ಚಿಕೋರಿ 49ರವರೆಗೂ ಇರಬಹುದು. ದೋಣಿಗೆ ಒಯ್ಯುವ ಪುಡಿಯಲ್ಲಿ ಚಿಕೋರಿ ಇಪ್ಪತ್ತರ ಒಳಗಿರಲಿ.

ನನ್ನ ಸಲಹೆ ಇಷ್ಟೆ: ದೋಣಿಗೆ ಕಾಫಿ ಡಬ್ಬಿ ಒಯ್ಯಬೇಡಿ. ಮನೆಯಲ್ಲೇ ತಕ್ಕಡಿಯಲ್ಲಿ ತೂಗಿ 40 ಗ್ರಾಮಿನ ಪೊಟ್ಟಣ ಮಾಡಿ, ಬಿಸಿಯಿಂದ ಅಂಟಿಸುವ ಇಲ್ಲವೇ ಬಿಗಿ ಜಿಪ್ ಇರುವ ದಪ್ಪ ಚೀಲಗಳಲ್ಲಿ ಗಾಳಿ ಹಿಂಡಿ ಮುಚ್ಚಿ. ಒಂದು ಪೊಟ್ಟಣ, ಒಂದು ಫಿಲ್ಟರ್. ಒಂದನ್ನು ಒಡೆದಾಗ ಉಳಿದವಕ್ಕೆ ತೇವ ತಾಗುವುದಿಲ್ಲ, ಚಮಚದಲ್ಲಿ ಅಳೆಯುವ, ಚೆಲ್ಲುವ ಗೊಡವೆಯೂ ಇಲ್ಲ. ಎಲ್ಲವನ್ನೂ ಒಂದು ತಗಡಿನ ಡಬ್ಬಿಯಲ್ಲಿಟ್ಟು ಒಲೆಯಿಂದ, ಎಂಜಿನಿನಿಂದ ದೂರ, ನೀರಿನ ಮಟ್ಟಕ್ಕಿಂತ ಕೆಳಗಿನ ಯಾವುದಾದರೂ ಕಪಾಟಿನಲ್ಲಿಡಿ. ಅಲ್ಲಿ ತಂಪು ಒಂದೇ ಸಮ ಇರುತ್ತದೆ. ವಾರಗಟ್ಟಲೆ ಹೋಗುವವರಾದರೆ ಹುರಿದ ಬೀಜ ಒಯ್ದು ಕೈಯಂತ್ರದಲ್ಲಿ ಬೀಸಿಕೊಳ್ಳುವುದು ಒಳ್ಳೆಯದು. ನಿಮಗೆ ಸದ್ಯಕ್ಕೆ ಪೊಟ್ಟಣ ಸಾಕು.

ಮಾನ್ಸೂನ್ಡ್ ಮಲಬಾರ್ ನಿಮ್ಮೂರಿನಲ್ಲಿ ಸಿಕ್ಕರೆ ಖಂಡಿತ ಕೊಳ್ಳಿ. ಹುಳಿ ಕಡಿಮೆ, ಮೈ ದಪ್ಪ, ಹಾಲಿಗೆ ಬಗ್ಗುವುದಿಲ್ಲ. ನಿಮ್ಮ ಊರಿನ ನೀರಿಗೂ ಅದು ಸರಿ ಹೊಂದುತ್ತದೆ. ಹ್ಯಾಂಪ್‌ಶೈರ್ ಸುಣ್ಣಕಲ್ಲಿನ ನೆಲ, ನಲ್ಲಿಯ ನೀರು ಗಡಸು. ಅಂಥ ನೀರಿನ ಕ್ಷಾರ ಕಾಫಿಯ ಹುಳಿಯನ್ನು ಹೀರಿಬಿಡುತ್ತದೆ. ತೆಳುವಾಗಿ ಹುರಿದ, ಹಣ್ಣಿನ ಹುಳಿಗೆ ಹೆಸರಾದ ಪ್ಲಾಂಟೇಶನ್ ಅರೇಬಿಕಾ (ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಅರೇಬಿಕಾ) ಆ ನೀರಿನಲ್ಲಿ ಸಪ್ಪೆಯಾಗುತ್ತದೆ. ಹುಳಿ ಮೊದಲೇ ಇಲ್ಲದ ಕಾಫಿಗೆ ನಷ್ಟವೂ ಇಲ್ಲ. ದೋಣಿಯ ಟ್ಯಾಂಕಿನ ನೀರಿಗೆ ಪ್ಲಾಸ್ಟಿಕ್ಕಿನ ಹಾಗೂ ಕ್ಲೋರಿನ್ನಿನ ವಾಸನೆ ಸೇರಿರುವುದರಿಂದ ಕಾಫಿಗೆಂದೇ ಐದು ಲೀಟರಿನ ಬೇರೆ ಕ್ಯಾನ್ ಇಡಿ. ಮನೆಯಲ್ಲಿ ಇದ್ದಿಲಿನ ಫಿಲ್ಟರಿನಲ್ಲಿ ಸೋಸಿದ ನೀರನ್ನು ಅದಕ್ಕೆ ತುಂಬಿಸಿ ಒಯ್ಯಿರಿ. ಇಬ್ಬರಿಗೆ ಮೂರು ನಾಲ್ಕು ದಿನದ ಕಾಫಿಗೆ ಅಷ್ಟು ಸಾಲುತ್ತದೆ. ದೋಣಿಯ ಕಾಫಿ ಮನೆಯ ಹಾಗಿಲ್ಲ ಎನ್ನುವವರಲ್ಲಿ ಬಹಳ ಮಂದಿಗೆ ನೀರು ಬದಲಾಯಿಸಿದರೇ ಅರ್ಧ ದೂರು ಕಳೆಯುತ್ತದೆ.

ಚರಟವನ್ನು ಸಿಂಕಿಗೆ ಬಿಡಬೇಡಿ. ಸಣ್ಣ ಕೊಳವೆ ಕಟ್ಟಿಕೊಂಡರೆ ಬಿಚ್ಚುವವರು ನೀವೇ. ಸಮುದ್ರಕ್ಕೆ ಎಸೆಯುವುದಕ್ಕೂ ನಿಯಮವಿದೆ. ಇಂಗ್ಲಿಷ್ ಚಾನೆಲ್, ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಪ್ರಕಾರ ವಿಶೇಷ ವಲಯಕ್ಕೆ ಸೇರಿದ್ದು, ದಡದಿಂದ 12 ನಾಟಿಕಲ್ ಮೈಲಿಯೊಳಗೆ ಆಹಾರದ ಕಸವನ್ನೂ ನೀರಿಗೆ ಹಾಕುವಂತಿಲ್ಲ. ಮುಚ್ಚಳದ ಡಬ್ಬಿಯೊಂದಕ್ಕೆ ತುಂಬಿ ಬಂದರಿನಲ್ಲಿ ಎಸೆಯಿರಿ.

ಇಷ್ಟೆಲ್ಲ ಜಾಗ್ರತೆ ಹೇಳಿದೆನಾದರೂ ದೋಣಿಯ ಕಾಫಿಯ ಸುಖ ಇರುವುದು ಲಂಗರು ಹಾಕಿದ ಮೇಲೆ. ಐಲ್ ಆಫ್ ವೈಟ್‌ನ ನ್ಯೂಟೌನ್ ಕ್ರೀಕಿನಂಥ ಜಾಗದಲ್ಲಿ ದೋಣಿ ನಿಂತಾಗ ಸ್ಟೀಲಿನ ಲೋಟ, ಬಟ್ಟಲು ಹೊರಗೆ ತೆಗೆಯಿರಿ. ಮುಚ್ಚಳದ ಮಗ್ಗು ಚೆಲ್ಲದಂತೆ ಕಾಯುತ್ತದೆ, ಜೊತೆಗೆ ಪರಿಮಳವನ್ನೂ ಮೂಗಿಗೆ ಬಿಡುವುದಿಲ್ಲ. ಓಡುವ ದೋಣಿಯ ಮೇಲಂತೂ ಪರಿಮಳವೆಲ್ಲ ಗಾಳಿಯ ಪಾಲು. ಲಂಗರಿನಲ್ಲಿ ಅವೆರಡರ ಕಾಟವೂ ಇಲ್ಲ. 200 ಮಿಲಿಲೀಟರಿನ ದೀರ್ಘಕಾಲ ಕೆಡದ ಹಾಲಿನ ಪೊಟ್ಟಣ ಒಡೆಯಿರಿ. ಅದು ಆಗಲೇ 135 ಡಿಗ್ರಿ ದಾಟಿ ಕಾಯಿಸಿದ ಹಾಲು, ಕುದಿಸುವ ಅಗತ್ಯವಿಲ್ಲ. ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುವಷ್ಟು ಬಿಸಿ ಮಾಡಿ. ಕುದಿಸಿದರೆ ಅದರ ಕಾದ ವಾಸನೆ ಇಮ್ಮಡಿಯಾಗುತ್ತದೆ. ಡಿಕಾಕ್ಷನ್ ಮೊದಲು, ಸಕ್ಕರೆ ಆಮೇಲೆ, ಹಾಲು ಕೊನೆಗೆ, ಎರಡು ಸಲ ಎತ್ತಿ ಹೊಯ್ಯಿರಿ. ಗಾಳಿ ಇದ್ದರೆ ಕ್ಯಾಬಿನ್ ಮೆಟ್ಟಿಲ ಮರೆಯಲ್ಲಿ ಕೂತು ಕುಡಿಯಿರಿ.

ಕೊನೆಗೆ ನಿಮ್ಮ ಹೊಟ್ಟೆ ತೊಳಸುವ ವಿಚಾರ. ದಿನಾ ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಅರ್ಧ ದಿನದಿಂದ ಒಂದು ದಿನದೊಳಗೆ ತಲೆನೋವು ಶುರುವಾಗುತ್ತದೆ. ಅದರ ಮೇಲೆ ಅಲೆಯ ವಾಂತಿಯೂ ಸೇರಿದರೆ ಬಹಳ ಕಷ್ಟ. ಆದ್ದರಿಂದ ಬಿಡಬೇಡಿ, ಕಡಿಮೆ ಮಾಡಿ. ಹೊರಡುವ ಬೆಳಗ್ಗೆ ಖಾಲಿ ಹೊಟ್ಟೆಗೆ ಕಾಫಿ ಬೇಡವೇ ಬೇಡ, ಮೊದಲು ರಸ್ಕೋ ಒಣ ಅವಲಕ್ಕಿಯೋ ಒಂದಿಷ್ಟು ಹೋಗಲಿ. ನೀಡಲ್ಸ್ ದಾಟುವ ತನಕ ಮತ್ತೆ ಕುಡಿಯಬೇಡಿ. ನಿಮಗೆ ಆಗದಿದ್ದ ಹೊತ್ತಿನಲ್ಲಿ ಕೆಳಗಿಳಿದು ಬೆರೆಸುವ ಕೆಲಸ ಯಜಮಾನರದಾಗಲಿ. ವಾಂತಿ ಹೆಚ್ಚುವುದು ಕ್ಯಾಬಿನ್ನಿನೊಳಗೆ ತಲೆ ಬಗ್ಗಿಸಿ ಕೆಲಸ ಮಾಡಿದಾಗಲೇ. ರಾತ್ರಿ ಮೂರು ಮೂರು ಗಂಟೆ ಸರದಿ ಇಟ್ಟುಕೊಳ್ಳುವುದಾದರೆ ಸರದಿಯ ಮೊದಲ ಅರ್ಧ ಗಂಟೆಯಲ್ಲೇ ಕಾಫಿ ಮುಗಿಯಲಿ. ಕೆಫೀನಿನ ಅರ್ಧ ಪಾಲು ಮೈಯಿಂದ ಹೋಗಲು ಐದು ಗಂಟೆಯಷ್ಟು ಬೇಕು. ಸರದಿ ಮುಗಿಯುವಾಗ ಕುಡಿದರೆ ನಿಮ್ಮ ನಿದ್ದೆಯ ಪಾಳಿ ಹಾಳು. ವಾಂತಿಗೆ ಸಿನ್ನರಿಝೀನ್ ಮಾತ್ರೆ ತೆಗೆದುಕೊಳ್ಳುವುದಿದ್ದರೆ ಔಷಧ ಅಂಗಡಿಯವರನ್ನು ಕೇಳಿಯೇ ತೆಗೆದುಕೊಳ್ಳಿ. ಅದು ಮಂಪರು ತರಿಸುತ್ತದೆ. ಕಾಫಿ ಕುಡಿದೆನಲ್ಲ, ಇನ್ನೇನೂ ಆಗದು ಎಂದು ಒಬ್ಬರೇ ಚುಕ್ಕಾಣಿಗೆ ಕೂರಬೇಡಿ.